ಎತ್ತಿನ ಹೊರೆಯ ಮಿತಿ: ಶ್ರೀರಂಗಪಟ್ಟಣ ಸೀಮೆಯ ಚರಿತ್ರೆಯಿಂದ

ದೇವಲಾಪುರ, ನಾಗಮಂಗಲ, ಪಾಂಡವಪುರ ಮತ್ತು ಕೆ.ಆರ್. ಪೇಟೆಗಳನ್ನು ಒಳಗೊಂಡ ಶ್ರೀರಂಗಪಟ್ಟಣದ ಸುತ್ತಲಿನ ಸೀಮೆ ಹಳ್ಳಿಕಾರ್ ತಳಿಯ ದನಗಳಿಗೆ ಹೆಸರಾದದ್ದು. ಈ ಸೀಮೆಯ ಚರಿತ್ರೆಯನ್ನು ಬರೆದವರು ಕೋಟೆಗೂ ಕದನಕ್ಕೂ ಕೊಟ್ಟ ಗಮನವನ್ನು ಒಂದು ಎತ್ತು ಎಷ್ಟು ಭಾರ ಹೊರಬಲ್ಲದು ಎಂಬ ಪ್ರಶ್ನೆಗೆ ಕೊಟ್ಟಿಲ್ಲವಾದರೂ, ಇಲ್ಲಿನ ಯುದ್ಧಗಳ ಗತಿಯನ್ನು ಹಲವು ಸಲ ನಿರ್ಧರಿಸಿದ್ದು ಆ ಪ್ರಶ್ನೆಯೇ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆಯು ಟಿಪ್ಪುವಿನ ಆಳ್ವಿಕೆಯಲ್ಲಿ ‘ಅಮೃತ ಮಹಲ್’ ಎನಿಸಿಕೊಂಡಿತು. ಕಾವಲು, ಅಂದರೆ ಮೇವಿಗೆಂದೇ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಬೆಳೆದ ಅದರ ಎತ್ತುಗಳು ಫಿರಂಗಿಗಳನ್ನು ವೇಗವಾಗಿ ಎಳೆಯುತ್ತಿದ್ದುದರಿಂದ ಮೈಸೂರಿನ ಸೈನ್ಯವು ಶತ್ರುಗಳು ಊಹಿಸದಷ್ಟು ಬೇಗ ಸಾಗಬಲ್ಲದಾಗಿತ್ತು. ಇದಕ್ಕೆ ತದ್ವಿರುದ್ಧವಾದ ಸ್ಥಿತಿ 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನದಾಗಿತ್ತು. ಅರಕೆರೆಯ ಬಳಿ ಮೇ 15ರಂದು ಗೆದ್ದರೂ, ಮೇವಿಲ್ಲದೆ ಮತ್ತು ರೋಗ ತಗುಲಿ ಎತ್ತುಗಳು ಸಾಲುಸಾಲಾಗಿ ಸತ್ತುದರಿಂದ, ಕನ್ನಂಬಾಡಿಯ ಕಡೆಗೆ ಸರಿದ ಅವನ ಸೈನ್ಯವು ಕೋಟೆಗೋಡೆ ಒಡೆಯಲೆಂದು ತಂದಿದ್ದ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಶ್ರೀರಂಗಪಟ್ಟಣವನ್ನು ಆ ವರ್ಷ ಉಳಿಸಿದ್ದರಲ್ಲಿ ಟಿಪ್ಪುವಿನ ಪಡೆಯಷ್ಟೇ ಪಾಲು ಸತ್ತ ಎತ್ತುಗಳದ್ದೂ ಇದೆ ಎಂದರೆ ಅತಿಶಯವಲ್ಲ. ಮುಂದಿನ ಫೆಬ್ರವರಿಯಲ್ಲಿ ಅವನು ಮತ್ತೆ ಬಂದಾಗ ಧಾನ್ಯವನ್ನು ಹೇರೆತ್ತುಗಳ ಮೇಲೆ ತಂದುಕೊಟ್ಟವರು ಬಂಜಾರರು, ಕನ್ನಡ ನಾಡಿನಲ್ಲಿ ಲಂಬಾಣಿಗಳೆಂದು ಕರೆಯಲಾಗುವ ಅಲೆಮಾರಿ ವರ್ತಕರು.

ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಹೇಳುವಂತೆ ಭಾರತದ ಹೇರೆತ್ತೊಂದು ಹೊರುತ್ತಿದ್ದದ್ದು 300ರಿಂದ 350 ಲಿವ್ರ್, ಅಂದರೆ ಈಗಿನ ಅಳತೆಯಲ್ಲಿ ಸುಮಾರು 150ರಿಂದ 170 ಕಿಲೋಗ್ರಾಂ. ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1965ರಲ್ಲಿ ಬಂದ ಭಾರತದ ನಿಯಮಗಳು ಮಧ್ಯಮ ಎತ್ತಿನ ಬೆನ್ನಿಗೆ 150, ದೊಡ್ಡ ಎತ್ತಿಗೆ 175 ಕಿಲೋಗ್ರಾಂ ಮಿತಿ ಹಾಕಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಎತ್ತಿನೊಡನೆ ಬದುಕಿದ ಜನ ಅನುಭವದಿಂದ ಕಂಡುಕೊಂಡಿದ್ದ ಅಳತೆಯನ್ನೇ ಶಾಸನವು ಮೂರು ಶತಮಾನಗಳ ಬಳಿಕ ಅಂಕಿಗಳಲ್ಲಿ ಬರೆದಂತೆ ತೋರುತ್ತದೆ. ಅದೇ ನಿಯಮಗಳು ಗಾಳಿ ತುಂಬಿದ ಟೈರಿನ ಗಾಡಿಗೆ ಟೈರಿಲ್ಲದ ಗಾಡಿಗಿಂತ ಒಂದೂವರೆ ಪಟ್ಟು ಭಾರವನ್ನು ಒಪ್ಪುತ್ತವೆ. ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ, 30 ಮೀಟರಿಗೆ 3 ಮೀಟರಿಗಿಂತ ಹೆಚ್ಚು ಏರುವ ದಾರಿಯಾದರೆ ಮಿತಿಯನ್ನು ಅರ್ಧಕ್ಕೆ ಇಳಿಸುತ್ತವೆ.

ಭಾರಕ್ಕೆ ಮಿತಿ ಹಾಕುವ ಬರಹಗಳೆಲ್ಲ ಒಂದೇ ಉದ್ದೇಶದವಲ್ಲ. ಅಮೆರಿಕದ ವಿಮಾನ ಕಂಪನಿಗಳೊಡನೆ ಪೈಲಟ್ ಸಂಘಗಳು ಮಾಡಿಕೊಳ್ಳುವ ಒಪ್ಪಂದಗಳಲ್ಲಿ ‘ವ್ಯಾಪ್ತಿಯ ಷರತ್ತು’ ಎಂಬುದಿದ್ದು, ಯಾವ ಹಾರಾಟವನ್ನು ಹೊರಗಿನ ಕಂಪನಿಗೆ ಒಪ್ಪಿಸಬಹುದೆಂಬುದನ್ನು ಅದು ಆಸನಗಳ ಸಂಖ್ಯೆ ಅಥವಾ ವಿಮಾನದ ತೂಕದಂಥ ಅಳತೆಗಳಿಂದ ಗೊತ್ತುಮಾಡುತ್ತದೆ. ಅಲ್ಲಿ ಮಿತಿಯು ದುಡಿಯುವವರ ಕೆಲಸವನ್ನು ಕಾಯುತ್ತದೆ, ಅದನ್ನು ಪಟ್ಟುಹಿಡಿದು ಪಡೆದವರೂ ದುಡಿಯುವವರೇ. ಎತ್ತಿನ ಪರವಾಗಿ ಪಟ್ಟು ಹಿಡಿಯಲು ಅಂಥ ಸಂಘವಿಲ್ಲ. ಆದ್ದರಿಂದಲೇ 1965ರ ನಿಯಮಗಳು, ಅತಿಭಾರದ ಅನುಮಾನ ಬಂದಾಗ ಗಾಡಿಯನ್ನು ತೂಕದ ಕಟ್ಟೆಗೆ ಒಯ್ಯುವಂತೆ ಆದೇಶಿಸುವ ಅಧಿಕಾರವನ್ನು ಪೊಲೀಸ್ ಅಧಿಕಾರಿಗೆ ನೀಡಿವೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಬಳಿಕ ಮಂಡ್ಯದ ಸುತ್ತ ಕಬ್ಬಿನ ಗಾಡಿಗಳ ಓಡಾಟ ಬೆಳೆಯಿತು. ಟನ್ನಿನ ಲೆಕ್ಕದಲ್ಲಿ ಹಣ ಸಿಗುವಲ್ಲಿ ಹೆಚ್ಚು ಹೇರುವ ಆಸೆ ಸಹಜವಾದ್ದರಿಂದ, ಕಬ್ಬಿನ ಬೆಲೆಗೆಂದು ಗಾಡಿ ತೂಗುವ ಕಟ್ಟೆಯಲ್ಲೇ ಎತ್ತಿನ ಮಿತಿಯನ್ನೂ ನೋಡುವುದು ನ್ಯಾಯವಾದ ಏರ್ಪಾಡು.