ಮೊದಲ ಎಲೆಕ್ಟ್ರಿಕ್ ಗಿಟಾರ್: ಕಡಿಮೆ ಬಜೆಟ್‌ನಲ್ಲಿ ಏನು ನೋಡಬೇಕು, ಯಾವ ಮಾತು ನಂಬಬಾರದು?

“ಅಕೌಸ್ಟಿಕ್ ಗಿಟಾರ್ ಕಲಿಯದೆ ಎಲೆಕ್ಟ್ರಿಕ್ ಮುಟ್ಟಲೇಬೇಡಿ.” “ಒಳ್ಳೆಯ ಮರದ್ದಲ್ಲದಿದ್ದರೆ ನಾದವೇ ಬರುವುದಿಲ್ಲ.” “ಅದು ಕರೆಂಟಿನ ಗಿಟಾರ್, ಮಕ್ಕಳ ಕೈಗೆ ಕೊಟ್ಟರೆ ಶಾಕ್ ಹೊಡೆಯುತ್ತದೆ.” ಪರೀಕ್ಷೆ ಮುಗಿಸಿದ ಮಗನೋ ಮಗಳೋ ಎಲೆಕ್ಟ್ರಿಕ್ ಗಿಟಾರ್ ಬೇಕು ಎಂದ ಕೂಡಲೇ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇಂಥ ಮಾತುಗಳು ಬಂದು ಬೀಳುತ್ತವೆ. ಮೊದಲೆರಡು ತಪ್ಪು. ಮೂರನೆಯದು ಅರ್ಧ ನಿಜ, ಆ ಅರ್ಧವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಒಂದೊಂದಾಗಿ ನೋಡೋಣ.

ಶಬ್ದ ಹುಟ್ಟುವುದು ಎಲ್ಲಿ?

ಅಕೌಸ್ಟಿಕ್ ಗಿಟಾರಿನ ಒಡಲು ಪೊಳ್ಳು. ತಂತಿಯ ಕಂಪನ ಮೇಲಿನ ತೆಳು ಹಲಗೆಗೆ ದಾಟುತ್ತದೆ, ಹಲಗೆ ಗಾಳಿಯನ್ನು ಅಲುಗಿಸುತ್ತದೆ, ನಮಗೆ ಕೇಳುತ್ತದೆ. ವೀಣೆಯ ಕೊಡ, ತಂಬೂರಿಯ ಬುರುಡೆ ಮಾಡುವ ಕೆಲಸವೂ ಇದೇ. ಅಲ್ಲಿ ಮರ ಯಾವುದು ಎಂಬುದು ನಿಜಕ್ಕೂ ಮುಖ್ಯ.

ಎಲೆಕ್ಟ್ರಿಕ್ ಗಿಟಾರಿನ ಕಥೆ ಬೇರೆ. ಅದರ ಒಡಲು ಸಾಮಾನ್ಯವಾಗಿ ಗಟ್ಟಿ ಹಲಗೆ. ತಂತಿಗಳ ಕೆಳಗೆ ‘ಪಿಕಪ್’ ಎಂಬ ಭಾಗ ಇರುತ್ತದೆ. ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು, ಪಿಕಪ್ ಅಂದರೆ ಇಷ್ಟೇ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರವೂ ಅದೇ ಲಯದಲ್ಲಿ ಏರುಪೇರಾಗುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ, ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ ವಿದ್ಯುತ್ಕಾಂತೀಯ ಪ್ರೇರಣೆ ಇದು. ಹಳೆಯ ಸೈಕಲ್ಲಿನ ಡೈನಮೊ ಉರಿಯುತ್ತಿದ್ದುದೂ ಇದರಿಂದಲೇ. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ನೈಲಾನ್ ತಂತಿ ಹಾಕಿದರೆ ಈ ಪಿಕಪ್‌ಗೆ ಏನೂ ಕೇಳಿಸುವುದಿಲ್ಲ, ಏಕೆಂದರೆ ನೈಲಾನಿಗೂ ಅಯಸ್ಕಾಂತಕ್ಕೂ ಸಂಬಂಧವಿಲ್ಲ. ಕರ್ನಾಟಕ ಸಂಗೀತ ಕೇಳುವವರಿಗೆ ಇದು ಹೊಸದೇನಲ್ಲ: ಮ್ಯಾಂಡೊಲಿನ್ ಯು. ಶ್ರೀನಿವಾಸ್ ಕಛೇರಿಗಳಲ್ಲಿ ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್ನನ್ನೇ.

ಹಾಗಾದರೆ ಮರ? 1930ರ ದಶಕದ ಆರಂಭದಲ್ಲಿ ಅಮೆರಿಕದ ರಿಕೆನ್‌ಬ್ಯಾಕರ್ ಕಂಪನಿ ಮಾರಾಟಕ್ಕಿಟ್ಟ ಎಲೆಕ್ಟ್ರಿಕ್ ಗಿಟಾರಿನ ಒಡಲು ಮರದ್ದೇ ಅಲ್ಲ, ಎರಕದ ಅಲ್ಯೂಮಿನಿಯಂ. ನೋಡಲು ಬಾಣಲೆಯಂತಿದ್ದುದರಿಂದ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರು ಬಿತ್ತು. ಇನ್ನೂ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಕ್ವೀನ್ ತಂಡದ ಬ್ರಯನ್ ಮೇ. ಗಿಟಾರ್ ಕೊಳ್ಳಲು ದುಡ್ಡಿಲ್ಲದ ಈ ಹುಡುಗ 1963ರಲ್ಲಿ ತಂದೆಯ ಜೊತೆ ಸೇರಿ ಮನೆಯಲ್ಲೇ ಒಂದನ್ನು ಮಾಡಲು ಕೂತ. ನೆಕ್‌ಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಒಳಗಿನ ಸ್ಪ್ರಿಂಗು ಹಳೆಯ ಮೋಟಾರ್‌ಸೈಕಲ್ಲಿನದು, ಹಿಡಿಯ ತುದಿಗೆ ಸ್ವೆಟರ್ ಹೆಣೆಯುವ ಕಡ್ಡಿಯ ತುಂಡು. ‘ರೆಡ್ ಸ್ಪೆಷಲ್’ ಎಂಬ ಆ ಗಿಟಾರನ್ನೇ ಅವರು ಮುಂದೆ ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನುಡಿಸಿದರು. (2007ರಲ್ಲಿ ಖಭೌತಶಾಸ್ತ್ರದಲ್ಲಿ ಪಿಎಚ್‌ಡಿಯನ್ನೂ ಪಡೆದರು ಎಂಬುದನ್ನು ಪಕ್ಕದಲ್ಲಿ ಹೇಳಿಬಿಡುತ್ತೇವೆ, ಸಂಗೀತ ಓದು ಕೆಡಿಸುತ್ತದೆ ಎನ್ನುವವರಿಗಾಗಿ.)

ಗಟ್ಟಿ ಒಡಲಿನ ಗಿಟಾರಿನಲ್ಲಿ ಮರದಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಪಿಕಪ್, ಆಂಪ್, ತಂತಿ, ಬೆರಳು ಇವುಗಳ ಮುಂದೆ ಅದು ಸಣ್ಣದು. ಹೊಸದಾಗಿ ಕಲಿಯುವವರು ಆ ವಾದಕ್ಕೆ ಐದು ಸಾವಿರ ಹೆಚ್ಚು ಕೊಡಬೇಕಿಲ್ಲ.

ಮೊದಲು ಅಕೌಸ್ಟಿಕ್ ಕಲಿಯಲೇಬೇಕೇ?

ಬೇಡ. ಎರಡರಲ್ಲೂ ಆರು ತಂತಿ, ಅದೇ ಶ್ರುತಿ, ಅವೇ ಕಾರ್ಡುಗಳು. ವ್ಯತ್ಯಾಸ ಇರುವುದು ಬೆರಳಿನ ನೋವಿನಲ್ಲಿ. ಎಲೆಕ್ಟ್ರಿಕ್ ಗಿಟಾರಿನ ಅತಿ ತೆಳು ತಂತಿ ಸಾಮಾನ್ಯವಾಗಿ ಇಂಚಿನ ಸಾವಿರದ 9 ಭಾಗದಷ್ಟು ದಪ್ಪ. ಉಕ್ಕಿನ ತಂತಿಯ ಅಕೌಸ್ಟಿಕ್‌ನಲ್ಲಿ ಅದೇ ತಂತಿ ಬಹಳ ಸಲ 12 ಭಾಗ. ಒಂದೇ ಉದ್ದದ ತಂತಿಯನ್ನು ಒಂದೇ ಸ್ವರಕ್ಕೆ ಬಿಗಿದಾಗ ಬಿಗಿತವು ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಲೆಕ್ಕ ಹಾಕಿದರೆ ಆ ತಂತಿಯ ಬಿಗಿತ ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚು. ಮೊದಲ ತಿಂಗಳಲ್ಲೇ ಬೆರಳ ತುದಿ ಉರಿದು ಗಿಟಾರ್ ಅಟ್ಟ ಸೇರುವುದಕ್ಕೆ ಇದೂ ಒಂದು ಕಾರಣ. ಎಲೆಕ್ಟ್ರಿಕ್‌ನಲ್ಲೂ ನೋವು ಇರುತ್ತದೆ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆದರೆ ಆ ಕೆಲವು ವಾರ ದಾಟುವುದು ಇಲ್ಲಿ ಸುಲಭ. ಯಾವ ಹಾಡು ನುಡಿಸುವ ಆಸೆಯಿದೆಯೋ ಆ ವಾದ್ಯವನ್ನೇ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಹತ್ತು ನಿಮಿಷ

ಅಗ್ಗದ ಗಿಟಾರ್ ಕೆಟ್ಟದ್ದು, ದುಬಾರಿಯದ್ದು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಂಪ್ಯೂಟರ್ ಹಿಡಿತದ ಯಂತ್ರಗಳು ಬಂದ ಮೇಲೆ ಕಡಿಮೆ ಬೆಲೆಯ ಗಿಟಾರುಗಳೂ ಸಾಕಷ್ಟು ಅಚ್ಚುಕಟ್ಟಾಗಿ ಬರುತ್ತವೆ. ಆದರೆ ಒಂದೇ ಮಾದರಿಯ ಎರಡು ಪೀಸಿನಲ್ಲಿ ಒಂದು ಬೆಣ್ಣೆ, ಇನ್ನೊಂದು ತಲೆನೋವು ಆಗಿರಬಹುದು. ಆದ್ದರಿಂದ ಕೈಯಲ್ಲಿರುವ ಆ ಒಂದು ಪೀಸನ್ನೇ ಪರೀಕ್ಷಿಸಬೇಕು. ಅದಕ್ಕೆ ನುಡಿಸಲು ಬರಬೇಕಿಲ್ಲ, ಫೋನಿನಲ್ಲಿ ಒಂದು ಉಚಿತ ಟ್ಯೂನರ್ ಆ್ಯಪ್ ಇದ್ದರೆ ಸಾಕು.

ಮೊದಲು ಆರೂ ತಂತಿಗಳನ್ನು ಶ್ರುತಿ ಮಾಡಿಸಿ. ದಪ್ಪ ತಂತಿಯಿಂದ ತೆಳು ತಂತಿಗೆ ಇ, ಎ, ಡಿ, ಜಿ, ಬಿ, ಇ. ಆ್ಯಪ್‌ನಲ್ಲಿ ಎ ಸ್ವರ 440 ಹರ್ಟ್ಸ್ ಎಂದೇ ಇರಲಿ. 432 ಹರ್ಟ್ಸ್‌ಗೆ ಶ್ರುತಿ ಮಾಡಿದರೆ ಕಾಯಿಲೆ ವಾಸಿಯಾಗುತ್ತದೆ ಎಂಬ ಫಾರ್ವರ್ಡಿಗೆ ಆಧಾರವಿಲ್ಲ, ಜೊತೆಗೆ ನುಡಿಸುವವರೊಂದಿಗೆ ನಿಮ್ಮ ಸ್ವರ ಕೂಡುವುದೂ ಇಲ್ಲ. ಈಗ ಒಂದೊಂದು ತಂತಿಯನ್ನೂ ಬಿಟ್ಟು ಮೀಟಿ, ಬಳಿಕ 12ನೇ ಫ್ರೆಟ್‌ನ ಹಿಂದೆ ಒತ್ತಿ ಮೀಟಿ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಕಂಪನ ಸರಿಯಾಗಿ ಎರಡರಷ್ಟಾಗಬೇಕು, ಅಂದರೆ ಆ್ಯಪ್ ಅದೇ ಸ್ವರದ ಹೆಸರನ್ನು ತೋರಿಸಿ ಮುಳ್ಳು ನಡುವೆಯೇ ನಿಲ್ಲಬೇಕು. ಕೂದಲೆಳೆಯಷ್ಟು ಅತ್ತಿತ್ತ ಆದರೆ ತೊಂದರೆಯಿಲ್ಲ, ಬ್ರಿಜ್‌ನ ಸ್ಕ್ರೂ ತಿರುಗಿಸಿ ಸರಿಮಾಡುತ್ತಾರೆ. ಅಂಗಡಿಯವರು ತಿರುಗಿಸಿದ ಮೇಲೂ ಸರಿಹೋಗದಿದ್ದರೆ ಆ ಪೀಸ್ ಬೇಡ. ಅಂಥ ಗಿಟಾರಿನಲ್ಲಿ ಕಲಿಯುವವರು ಎಷ್ಟು ಸರಿಯಾಗಿ ಒತ್ತಿದರೂ ಅಪಸ್ವರವೇ ಬರುತ್ತದೆ, ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ.

ಮುಂದೆ, ಅದೇ 12ನೇ ಫ್ರೆಟ್‌ನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ದಪ್ಪ ತಂತಿಯ ಕೆಳಗೆ ಸುಮಾರು 2 ಮಿಲಿಮೀಟರ್, ತೆಳುವಿನ ಕೆಳಗೆ ಒಂದೂವರೆ ಇದ್ದರೆ ಬೆರಳಿಗೆ ಹಿತ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಇಟ್ಟು ಅಳೆದರೂ ಅಂದಾಜು ಸಿಗುತ್ತದೆ. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ಮೀಟುತ್ತಾ ಹೋಗಿ. ಬೇಸರದ ಕೆಲಸ, ನಿಜ, ಆದರೂ ಬಿಡಬೇಡಿ. ಒಂದು ಜಾಗದಲ್ಲಿ ಮಾತ್ರ ಝುಯ್ಯೆಂದು ತಂತಿ ತಗುಲಿದರೆ, ಅಥವಾ ಮುಂದಿನ ಫ್ರೆಟ್‌ನ ಸ್ವರವೇ ಬಂದರೆ, ಅಲ್ಲಿ ಫ್ರೆಟ್ ಸಮವಾಗಿಲ್ಲ. ನೆಕ್‌ನ ಎರಡೂ ಅಂಚಿನ ಮೇಲೆ ಅಂಗೈ ಸವರಿ. ಫ್ರೆಟ್‌ನ ತುದಿ ಗರಗಸದಂತೆ ತಾಗಬಾರದು.

ಕೊನೆಗೆ ಆಂಪ್‌ಗೆ ಸೇರಿಸಿಕೊಟ್ಟು ಎಲ್ಲ ನಾಬ್ ತಿರುಗಿಸಿ, ಪಿಕಪ್ ಬದಲಿಸುವ ಸ್ವಿಚ್ ಎಲ್ಲ ಸ್ಥಾನಕ್ಕೂ ತಳ್ಳಿ. ಕರಕರ ಶಬ್ದ, ಮಧ್ಯೆ ಮೌನ ಇರಬಾರದು. ಆನ್‌ಲೈನ್‌ನಲ್ಲಿ ತರಿಸಿದವರು ಇದಿಷ್ಟನ್ನೂ ವಾಪಸು ಕಳಿಸುವ ಅವಧಿ ಮುಗಿಯುವ ಮುನ್ನ ಮನೆಯಲ್ಲೇ ಮಾಡಬಹುದು, ಪೆಟ್ಟಿಗೆಯನ್ನು ಮಾತ್ರ ಅಲ್ಲಿಯವರೆಗೆ ಎಸೆಯಬೇಡಿ.

ಆಕಾರದ ವಿಷಯದಲ್ಲಿ ನಮ್ಮ ಸಲಹೆ ಒಂದೇ: ಬ್ರಿಜ್ ಅಲುಗದಂಥದ್ದು ಇರಲಿ. ತೇಲುವ ಬ್ರಿಜ್‌ನ ಫ್ಲಾಯ್ಡ್ ರೋಸ್ ಮಾದರಿ ನೋಡಲು ಚೆಂದ, ಆದರೆ ಅದರಲ್ಲಿ ಒಂದು ತಂತಿಯ ಬಿಗಿತ ಬದಲಿಸಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಹೊಸಬರ ಅರ್ಧ ಸಮಯ ಶ್ರುತಿ ಮಾಡುವುದರಲ್ಲೇ ಹೋಗುತ್ತದೆ.

“ಗುಂಯ್ ಅನ್ನುತ್ತದೆ, ಹಾಳಾಗಿದೆಯಾ?”

ಒಂದೇ ಸುರುಳಿಯ ಪಿಕಪ್ ಇದ್ದರೆ ಗುಂಯ್ ಎನ್ನುವುದು ಸಹಜ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ, ಅದರ ಕಾಂತಕ್ಷೇತ್ರವನ್ನೂ ಸುರುಳಿ ಹಿಡಿದುಬಿಡುತ್ತದೆ. ಟ್ಯೂಬ್‌ಲೈಟು, ಚಾರ್ಜರುಗಳಿಂದ ದೂರ ಸರಿದು ಬೇರೆ ದಿಕ್ಕಿಗೆ ತಿರುಗಿ ಕೂತರೆ ಕಡಿಮೆಯಾಗುತ್ತದೆ. 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಈ ಗುಂಯ್‌ಕಾರವನ್ನು ಅಳಿಸುವ ‘ಹಂಬಕರ್’ ಮಾಡಿದರು. ಗಟ್ಟಿ ರಾಕ್ ನುಡಿಸುವ ಆಸೆಯಿದ್ದವರು ಒಂದಾದರೂ ಹಂಬಕರ್ ಇರುವ ಗಿಟಾರ್ ನೋಡಲಿ. ತಂತಿ ಮುಟ್ಟಿದ ಕೂಡಲೇ ಗುಂಯ್ ಕಡಿಮೆಯಾದರೆ ಅದೂ ಸಹಜವೇ. ತಂತಿಗಳು ಅರ್ಥ್‌ಗೆ ಸೇರಿವೆ ಎಂಬುದರ ಗುರುತು ಅದು, ಇದನ್ನು ಮುಂದೆ ಮತ್ತೆ ಪ್ರಸ್ತಾಪಿಸುತ್ತೇವೆ.

ದುಡ್ಡು ಹಂಚುವುದು ಹೇಗೆ?

ಕೈಯಲ್ಲಿರುವ ಎಲ್ಲವನ್ನೂ ಗಿಟಾರಿಗೇ ಸುರಿದರೆ ಅದರ ಶಬ್ದ ಕೇಳಲು ಏನೂ ಉಳಿಯುವುದಿಲ್ಲ. ಉದಾಹರಣೆಗೆ 20 ಸಾವಿರ ಇದ್ದರೆ 13–14 ಸಾವಿರದ ಗಿಟಾರ್ ನೋಡಿ. ಉಳಿದದ್ದು ಸಣ್ಣ ಆಂಪ್, ಕೇಬಲ್, ಪಟ್ಟಿ, ಒಂದು ಜೊತೆ ಹೆಚ್ಚುವರಿ ತಂತಿ, ಮತ್ತು ಬಲ್ಲವರಿಂದ ಒಮ್ಮೆ ‘ಸೆಟಪ್’ ಮಾಡಿಸಲು. ತಂತಿಯ ಎತ್ತರ, ನೆಕ್‌ನ ಬಾಗು ಹೊಂದಿಸುವ ಈ ಸೆಟಪ್ ಸಾಧಾರಣ ಗಿಟಾರನ್ನೂ ಹಿತವಾಗಿಸುತ್ತದೆ, ನಮ್ಮ ಲೆಕ್ಕದಲ್ಲಿ ಇದಕ್ಕಿಂತ ಸಾರ್ಥಕ ಖರ್ಚು ಬೇರೆ ಇಲ್ಲ. ಸ್ಕ್ವಯರ್ ಎಂಬುದು ಫೆಂಡರ್ ಕಂಪನಿಯದೇ ಕಡಿಮೆ ಬೆಲೆಯ ಹೆಸರು, ಎಪಿಫೋನ್ ಗಿಬ್ಸನ್‌ನದು. ಯಮಹಾ, ಐಬನೇಜ್, ಕೋರ್ಟ್ ಕೂಡ ಆರಂಭಿಕರಿಗೆಂದೇ ಮಾದರಿಗಳನ್ನು ಮಾರುತ್ತವೆ. ಹಾಗೆಂದು ‘ಅಸಲಿ ಫೆಂಡರ್, 90 ಶೇಕಡಾ ರಿಯಾಯಿತಿ’ ಎಂಬ ಲಿಂಕ್ ಬಂದರೆ ಒತ್ತಬೇಡಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಗಿಟಾರಿಗೇ ಚುಚ್ಚುವ ಪುಟ್ಟ ಹೆಡ್‌ಫೋನ್ ಆಂಪ್ ಸಾಕು. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ, ಮೀಟಿದ ಮೇಲೆ ಶಬ್ದ ತಡವಾಗಿ ಬಂದು ತಾಳವೇ ತಪ್ಪುತ್ತದೆ. ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೆಯ ದಾರಿಯೇ. ಮೇಲಿನ ಪರೀಕ್ಷೆಗಳ ಜೊತೆಗೆ ತಲೆಯ ಭಾಗ ನೆಕ್‌ಗೆ ಸೇರುವಲ್ಲಿ ಬಿರುಕು ಬಿಟ್ಟು ಅಂಟಿಸಿದ ಗುರುತಿದೆಯೇ ನೋಡಿ.

ಶಾಕ್ ಹೊಡೆಯುತ್ತದೆಯೇ?

ಗಿಟಾರಿನೊಳಗೆ ಹುಟ್ಟುವ ವಿದ್ಯುತ್ ವೋಲ್ಟಿನ ಸಣ್ಣ ಭಾಗ ಮಾತ್ರ, ಅದರಿಂದ ಏನೂ ಆಗದು. ಆದರೆ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಆಂಪ್ ಇದೆ, ಅದು ಗೋಡೆಯ 230 ವೋಲ್ಟಿಗೆ ಸೇರಿದೆ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಕವಚಕ್ಕೆ, ಅಲ್ಲಿಂದ ಮನೆಯ ಅರ್ಥಿಂಗ್‌ಗೆ ಸೇರಿರುತ್ತವೆ. ಎಲ್ಲ ಸರಿಯಿದ್ದಾಗ ಇದು ರಕ್ಷಣೆ. ಅರ್ಥಿಂಗ್ ತಪ್ಪಿಹೋಗಿ ಆಂಪ್‌ನೊಳಗೆ ದೋಷವೂ ಬಂದರೆ, ನಿಮ್ಮ ಬೆರಳ ಕೆಳಗಿನ ಆರು ತಂತಿಗಳೇ ಕರೆಂಟಿನ ತಂತಿಗಳಾಗುತ್ತವೆ.

ಇದು ಊಹೆಯಲ್ಲ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ, ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾಗ ಕರೆಂಟು ತಗುಲಿ ತೀರಿಕೊಂಡರು.

ಹಾಗೆಂದು ಮಕ್ಕಳಿಂದ ಗಿಟಾರ್ ಕಿತ್ತುಕೊಳ್ಳಬೇಕಿಲ್ಲ, ಪ್ಲಗ್ ಪಾಯಿಂಟ್ ನೋಡಬೇಕು. ತ್ರೀ ಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ತೂತು ಅರ್ಥ್‌ನದು. ಹಳೆಯ ಮನೆಗಳಲ್ಲಿ ಆ ತೂತಿನ ಹಿಂದೆ ತಂತಿಯೇ ಇಲ್ಲದಿರುವುದುಂಟು. ಆಂಪ್‌ನ ಮೂರನೇ ಪಿನ್ ಮುರಿದು, ಅಥವಾ ಟು ಪಿನ್ ಅಡಾಪ್ಟರ್ ಸಿಕ್ಕಿಸಿ “ಹೇಗೋ ನಡೆಯುತ್ತದೆ” ಎನ್ನುವುದು, “ಅರ್ಥ್ ಕಿತ್ತರೆ ಗುಂಯ್ ಹೋಗುತ್ತದೆ” ಎಂಬ ಸಲಹೆ ಕೇಳುವುದು, ಎರಡನ್ನೂ ಮಾಡಬೇಡಿ. ಆಂಪ್ ಕೊಳ್ಳುವ ಮುನ್ನವೇ ಎಲೆಕ್ಟ್ರಿಷಿಯನ್ ಕರೆಸಿ ಆ ಕೋಣೆಯ ಅರ್ಥಿಂಗ್ ಅಳೆಸಿ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಕೇಳಿ, ಇಲ್ಲದಿದ್ದರೆ ಹಾಕಿಸಿ. ಕರೆಂಟು ದಾರಿ ತಪ್ಪಿ ಸೋರಿದಾಗ ಕ್ಷಣದಲ್ಲಿ ಕಡಿತ ಮಾಡುವ ಸಾಧನ ಅದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸುವುದು ಬೇಡ. ಬೇರೆ ಬೇರೆ ಪಾಯಿಂಟಿನಿಂದ ಕರೆಂಟು ಪಡೆದ ಮೈಕ್ ಮತ್ತು ಆಂಪ್ ಇರುವ ಗಣೇಶೋತ್ಸವದ ವೇದಿಕೆಯಂಥ ಕಡೆ, ತಂತಿ ಹಿಡಿದಿರುವಾಗ ತುಟಿಯಿಂದ ಮೈಕ್ ಮುಟ್ಟಬೇಡಿ.

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾಗುವುದು ಸಹಜ ಎಂದೆವಲ್ಲ. ಬೆರಳಿಗೆ ಜುಮ್ಮೆನ್ನುವುದು ಮಾತ್ರ ಸಹಜವಲ್ಲ, ಎಷ್ಟೇ ಸಣ್ಣದಾಗಿರಲಿ. ಹಾಗಾದರೆ ತಂತಿಯಿಂದ ಕೈ ತೆಗೆದು, ಆಂಪ್‌ನ ಸ್ವಿಚ್ಚಲ್ಲ, ಗೋಡೆಯ ಸ್ವಿಚ್ಚನ್ನೇ ಆರಿಸಿ. ಎಲೆಕ್ಟ್ರಿಷಿಯನ್ ಸಾಕೆಟ್ಟನ್ನು, ರಿಪೇರಿಯವರು ಆಂಪನ್ನು ನೋಡಿ ಮುಗಿಸುವವರೆಗೆ ಅದನ್ನು ಮತ್ತೆ ಹಚ್ಚಬೇಡಿ. ಅಲ್ಲಿಯವರೆಗೆ ಬ್ಯಾಟರಿಯ ಹೆಡ್‌ಫೋನ್ ಆಂಪ್‌ನಲ್ಲಿ ಅಭ್ಯಾಸ ಮುಂದುವರಿಸಬಹುದು, ಅದನ್ನು ಚಾರ್ಜಿಗೆ ಹಾಕಿಕೊಂಡು ಮಾತ್ರ ನುಡಿಸಬೇಡಿ.