ಮಸ್ಕಿಯ ಶಾಸನವೂ ಹಿತ್ತಲಿನ ಜೀವಗಳೂ

ರಾಯಚೂರು ಜಿಲ್ಲೆಯ ಮಸ್ಕಿಯು ಇತಿಹಾಸಜ್ಞರಿಗೆ ಸುಪರಿಚಿತವಾದ ಸ್ಥಳ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರರಾದ ಸಿ. ಬೀಡನ್ ಎಂಬವರು ಇಲ್ಲಿಯ ಬಂಡೆಯ ಮೇಲೆ ಕಂಡ ಲಿಪಿಯಿಂದ, 'ದೇವಾನಾಂಪ್ರಿಯ'ನೆಂಬ ಅರಸನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಆದರೆ ಆ ಶಾಸನದ ಮಹತ್ವವು ಹೆಸರೊಂದರಲ್ಲಿಯೇ ಮುಗಿಯತಕ್ಕುದಲ್ಲ. ಧರ್ಮದ ಫಲವು ಹಿರಿಯರಿಗೆ ಮಾತ್ರವೆಂದು ತಿಳಿಯಲಾಗದು, ಅಲ್ಪನೂ ಅದನ್ನು ಪಡೆಯಬಲ್ಲನು ಎಂಬುದೇ ಅದರ ಸಾರ.

ಅಲ್ಪನು ತನ್ನ ಮನೆಯಂಗಳದಲ್ಲಿ ಆಚರಿಸಬಹುದಾದ ಧರ್ಮವಾವುದು? ಪಟ್ಟಾಭಿಷೇಕವಾಗಿ 26 ವರ್ಷಗಳಾದ ಬಳಿಕ ಅದೇ ಅರಸನು ಉತ್ತರದೇಶದ ಸ್ತಂಭಗಳ ಮೇಲೆ ಕೆತ್ತಿಸಿದ ಐದನೆಯ ಶಾಸನವು ಇದಕ್ಕೆ ಉತ್ತರವೀಯುತ್ತದೆ. ಹುಂಜಗಳ ಬೀಜ ತೆಗೆಯಬಾರದು. ಜೀವಿಗಳಿರುವ ಹೊಟ್ಟನ್ನು ಸುಡಬಾರದು. ನಿಷ್ಕಾರಣವಾಗಿ ಕಾಡಿಗೆ ಕಿಚ್ಚಿಡಬಾರದು. ಜೇನ್ನೊಣದ ಹೆಸರು ಅಲ್ಲಿಲ್ಲ; ಆದರೂ ಕಾಡುಳಿದರೆ ಜೇನೂ ಉಳಿಯುವುದಷ್ಟೆ.

ಈ ಎರಡು ಜೀವಗಳೂ ನಮ್ಮ ಪೂರ್ವಿಕರಿಗೆ ಚಿರಪರಿಚಿತವಾದುವು. ಅಮರಕೋಶವು ಕೋಳಿಯನ್ನು ಕೃಕವಾಕು, ತಾಮ್ರಚೂಡ, ಚರಣಾಯುಧ ಎಂದು ಕರೆದಿದೆ. ಸುಶ್ರುತಸಂಹಿತೆಯು ಜೇನುತುಪ್ಪವನ್ನು ಎಂಟು ಬಗೆಯಾಗಿ ವಿಂಗಡಿಸಿದೆ. ಆದರೆ ಕನ್ನಡದ ನುಡಿಬಳಕೆಯಲ್ಲಿ ಒಂದು ಭೇದವುಂಟು. ಜನರು ಕೋಳಿಯನ್ನು 'ಸಾಕುತ್ತಿದ್ದರು', ಜೇನನ್ನು 'ಕೀಳುತ್ತಿದ್ದರು'. ಹೊಗೆಯಿಕ್ಕಿ ನೊಣಗಳನ್ನೋಡಿಸಿ, ಮರಿಹುಳುಗಳ ಸಹಿತ ಹುಟ್ಟನ್ನು ಹಿಂಡುವುದೇ ರೂಢಿಯಾಗಿತ್ತು.

ಈ ಭೇದವನ್ನಳಿಸಿದುದು ಚೌಕಟ್ಟಿನ ಪೆಟ್ಟಿಗೆ. 1851ರಲ್ಲಿ ಅಮೆರಿಕೆಯ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು ಚೌಕಟ್ಟುಗಳ ನಡುವೆ ನೊಣ ಸಂಚರಿಸುವಷ್ಟೇ ಎಡೆಬಿಟ್ಟರೆ ಅವುಗಳನ್ನು ಮುರಿಯದೆ ಹೊರತೆಗೆಯಬಹುದೆಂದು ಕಂಡುಕೊಂಡನು. 1910ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಪಾದ್ರಿ ನ್ಯೂಟನ್ನನು ನಮ್ಮ ತುಡುವೆ ಜೇನಿಗೊಪ್ಪುವ ಕಿರಿಯ ಪೆಟ್ಟಿಗೆಯನ್ನು ರೂಪಿಸಿದನು. ಯಂತ್ರದಲ್ಲಿ ತಿರುಗಿಸಿ ತುಪ್ಪವನ್ನಷ್ಟೇ ತೆಗೆದು, ಹುಟ್ಟನ್ನು ನೊಣಗಳಿಗೇ ಮರಳಿಸುವ ಕ್ರಮವು ಹೀಗೆ ಸಾಧ್ಯವಾಯಿತು. ಅಂದಿನಿಂದ ಜೇನೂ ಕೋಳಿಯಂತೆ ಸಾಕುಜೀವವಾಯಿತು.

ಒಂದೇ ಹಿತ್ತಲಿನಲ್ಲಿ ಇವೆರಡಕ್ಕೂ ವೈರವಿಲ್ಲ. ಪೆಟ್ಟಿಗೆಯ ಕೆಳಗೆ ಬಿದ್ದ ಸತ್ತ ನೊಣಗಳನ್ನೂ ಮೇಣದ ಹುಳುಗಳನ್ನೂ ಕೋಳಿಯು ಹೆಕ್ಕುತ್ತದೆ; ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆಯ ಭಯವೂ ಇಲ್ಲ.

ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರಿನ ನೆಲವನ್ನು ಹಸುರಾಗಿಸಿದೆ. ಲಿಂಗಸುಗೂರು, ಮಸ್ಕಿಗಳ ಎರೆಹೊಲಗಳಲ್ಲಿ ಸೂರ್ಯಕಾಂತಿ ಅರಳಿದಾಗ ಕಾಳು ಚೆನ್ನಾಗಿ ಕಟ್ಟಲು ಜೇನಿನ ಸ್ಪರ್ಶ ಬೇಕು. ಹೂವಿನ ಕಾಲದಲ್ಲಿ ಹಗಲು ಸಿಂಪಡಿಸಿದ ಕೀಟನಾಶಕವು ಆ ನೊಣವನ್ನೇ ಕೊಲ್ಲುತ್ತದೆ. ಕೊಂದವನ ಬೆಳೆಯೂ ಕುಂದುತ್ತದೆ. ಕಾಡಿನ ಕಿಚ್ಚನ್ನು ಅರಸನ ಆಜ್ಞೆ ತಡೆಯಬಹುದು; ಹೊಲದ ವಿಷವನ್ನು ತಡೆಯಬಲ್ಲವನು ಆ ಹೊಲದ ಒಡೆಯನೇ. ಅಲ್ಪನಿಗೂ ಧರ್ಮವು ಸಾಧ್ಯವೆಂದು ಮಸ್ಕಿಯ ಬಂಡೆಯು ಸಾರಿದುದು ಇಂಥ ಒಡೆಯನಿಗೇ ಸಲ್ಲುತ್ತದೆ.