ತಡೆಹಿಡಿದ ಹಣ ಯಾರದು?



ದೂರದಲ್ಲಿರುವ ಒಬ್ಬರಿಗೆ ಹಣ ಕಳುಹಿಸುವಾಗ ಮೂವರ ಪಾತ್ರವಿರುತ್ತದೆ: ಕೊಡುವವರು, ಪಡೆಯುವವರು ಮತ್ತು ನಡುವೆ ನಿಂತು ತಲುಪಿಸುವವರು. ಭಾರತದ ಅಂಚೆ ಇಲಾಖೆ 1880ರಲ್ಲಿ ಮನಿಯಾರ್ಡರ್ ಸೇವೆಯನ್ನು ಆರಂಭಿಸಿ ಈ ಮೂರನೆಯ ಪಾತ್ರವನ್ನು ವಹಿಸಿಕೊಂಡಿತು. ಹಣ ಕಟ್ಟಿದವರಿಗೆ ರಸೀದಿ ಸಿಗುತ್ತಿತ್ತು. ಪಡೆದವರು ಸಹಿ ಹಾಕುತ್ತಿದ್ದರು. ಕಂಪ್ಯೂಟರ್ ಜಾಲದ ಮೂಲಕ ಹಣ ಸಾಗಿಸುವ ಖಾಸಗಿ ಕಂಪನಿಗಳು ಹುಟ್ಟಿಕೊಂಡಾಗ ಒಂದು ಹೊಸ ಪ್ರಶ್ನೆ ಎದ್ದಿತು. ನಡುವೆ ನಿಂತವರೇ ಖಾತೆಗೆ ನಿರ್ಬಂಧ ಹಾಕಿ ಹಣವನ್ನು ತಡೆಹಿಡಿದರೆ ಅದನ್ನು ಮರಳಿ ಪಡೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಈಗ ನೋಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಕಾನ್‌ಫಿನಿಟಿ ಎಂಬ ಕಂಪನಿ ಸ್ಥಾಪನೆಯಾಯಿತು. ಇ-ಮೇಲ್ ವಿಳಾಸವೊಂದಿದ್ದರೆ ಸಾಕು, ಹಣ ಕಳುಹಿಸಬಹುದು ಎಂಬ ಅದರ ಪೇಪಾಲ್ ಸೇವೆ ಬೇಗನೆ ಜನಪ್ರಿಯವಾಯಿತು. ಇಬೇ ಎಂಬ ಹರಾಜು ತಾಣದಲ್ಲಿ ಹಳೆಯ ವಸ್ತುಗಳನ್ನು ಮಾರುತ್ತಿದ್ದ ಸಾಮಾನ್ಯರಿಗೆ ಇದು ವರದಾನವಾಯಿತು. 2000ದಲ್ಲಿ ಈ ಕಂಪನಿ ಎಕ್ಸ್ ಡಾಟ್ ಕಾಮ್ ಕಂಪನಿಯೊಡನೆ ವಿಲೀನಗೊಂಡಿತು. 2002ರಲ್ಲಿ ಇಬೇ ಕಂಪನಿಯೇ ಪೇಪಾಲನ್ನು ಸುಮಾರು 150 ಕೋಟಿ ಡಾಲರ್ ಬೆಲೆಗೆ ಕೊಂಡುಕೊಂಡಿತು.

ಆದರೆ ಗ್ರಾಹಕರ ಹಿಂದೆಯೇ ವಂಚಕರೂ ಬಂದರು. ಕದ್ದ ಕ್ರೆಡಿಟ್ ಕಾರ್ಡಿನಿಂದ ಪಾವತಿ ಮಾಡಿದರೆ, ಕಾರ್ಡಿನ ನಿಜವಾದ ಒಡೆಯ ದೂರು ಕೊಟ್ಟ ಕೂಡಲೇ ಆ ಮೊತ್ತವನ್ನು ಹಿಂದಿರುಗಿಸಬೇಕಾಗುತ್ತಿತ್ತು. ಅಷ್ಟರಲ್ಲಿ ವಂಚಕ ಹಣವನ್ನು ತೆಗೆದುಕೊಂಡು ಹೋಗಿರುತ್ತಿದ್ದ. ಈ ನಷ್ಟವನ್ನು ತಡೆಯಲು ಕಂಪನಿ ಸಂಶಯ ಬಂದ ಖಾತೆಗಳಿಗೆ ನಿರ್ಬಂಧ ಹಾಕತೊಡಗಿತು. ಉದ್ದೇಶ ಸರಿಯಾದದ್ದೇ. ಆದರೆ ಪ್ರಾಮಾಣಿಕರ ಖಾತೆಗಳೂ ಈ ಬಲೆಗೆ ಬಿದ್ದವು. ತಮ್ಮ ಹಣ ಸಿಕ್ಕಿಬಿದ್ದಿದೆ, ವಿಚಾರಿಸಿದರೆ ಸರಿಯಾದ ಉತ್ತರವಿಲ್ಲ ಎಂದು ಅನೇಕರು ದೂರಿದರು.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಪೇಪಾಲ್ ಬ್ಯಾಂಕ್ ಅಲ್ಲವೆಂದು ಅಮೆರಿಕದ ಠೇವಣಿ ವಿಮಾ ನಿಗಮ 2002ರಲ್ಲಿ ಅಭಿಪ್ರಾಯಪಟ್ಟಿತು. ಹಾಗಾದರೆ ಗ್ರಾಹಕರಿಗೆ ರಕ್ಷಣೆ ಎಲ್ಲಿಂದ? ವಿದ್ಯುನ್ಮಾನ ಹಣ ವರ್ಗಾವಣೆಗಾಗಿ ಅಮೆರಿಕದಲ್ಲಿ 1978ರಲ್ಲೇ ಒಂದು ಕಾಯಿದೆ ಬಂದಿತ್ತು. ಗ್ರಾಹಕ ತಪ್ಪನ್ನು ತೋರಿಸಿಕೊಟ್ಟರೆ ಸಂಸ್ಥೆ ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ತನಿಖೆ ಮುಗಿಸಬೇಕು. ಹೆಚ್ಚಿನ ಕಾಲ ಬೇಕಾದರೆ ವಿವಾದದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು. ಈ ಕಾಯಿದೆಯನ್ನು ಆಧರಿಸಿ ಗ್ರಾಹಕರು 2002ರಲ್ಲಿ ಒಟ್ಟುಗೂಡಿ ನ್ಯಾಯಾಲಯದ ಮೆಟ್ಟಿಲೇರಿದರು.

ಕಂಪನಿಯ ವಾದ ಸರಳವಾಗಿತ್ತು. ಖಾತೆ ತೆರೆಯುವಾಗ ಗ್ರಾಹಕರು ಕರಾರಿಗೆ ಒಪ್ಪಿದ್ದಾರೆ. ಅದರಂತೆ ವಿವಾದಗಳನ್ನು ಕಂಪನಿಯ ಊರಿರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಖಾಸಗಿ ಮಧ್ಯಸ್ಥಗಾರರ ಮುಂದೆ ಒಬ್ಬೊಬ್ಬರೇ ಬಗೆಹರಿಸಿಕೊಳ್ಳಬೇಕು. ಸ್ಯಾನ್ ಹೋಸೆ ನಗರದ ಫೆಡರಲ್ ನ್ಯಾಯಾಧೀಶ ಜೆರೆಮಿ ಫೋಗೆಲ್ 2002ರ ಆಗಸ್ಟ್ 30ರಂದು ಈ ವಾದವನ್ನು ತಳ್ಳಿಹಾಕಿದರು. ಒಂದು ವ್ಯವಹಾರದ ಸರಾಸರಿ ಮೊತ್ತ 55 ಡಾಲರ್ ಮಾತ್ರ. ಅಷ್ಟು ಹಣಕ್ಕಾಗಿ ದೂರದ ಊರಿನವರು ಪ್ರಯಾಣ ಮಾಡಿ, ಮಧ್ಯಸ್ಥಿಕೆಯ ವೆಚ್ಚವನ್ನೂ ಭರಿಸುವುದು ಸಾಧ್ಯವೇ? ಜೊತೆಗೆ, ವಿವಾದ ಬಂದೊಡನೆ ಕಂಪನಿ ತಾನೇ ಖಾತೆಯನ್ನು ನಿರ್ಬಂಧಿಸಿ ಹಣವನ್ನು ಇಟ್ಟುಕೊಳ್ಳಬಹುದು. ಗ್ರಾಹಕನಿಗೆ ಅಂಥ ಯಾವ ಅಧಿಕಾರವೂ ಇಲ್ಲ. ಇಂಥ ಏಕಪಕ್ಷೀಯ ಷರತ್ತನ್ನು ಜಾರಿಗೊಳಿಸಲಾಗದು ಎಂಬುದು ತೀರ್ಪಿನ ಸಾರ. ಮುಂದೆ 2004ರಲ್ಲಿ ಕಂಪನಿ, ತನ್ನ ತಪ್ಪನ್ನು ಒಪ್ಪಿಕೊಳ್ಳದೆಯೇ, 92.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಒಬ್ಬೊಬ್ಬರಾಗಿ ಹೋರಾಡಲು ತೀರ ಸಣ್ಣದಾಗಿದ್ದ ಮೊತ್ತಗಳು ಒಟ್ಟು ಸೇರಿದಾಗ ಬಲ ಪಡೆದುಕೊಂಡವು.

ಈ ಸಮಸ್ಯೆ ನಮ್ಮ ದೇಶಕ್ಕೂ ಬಂತು. 2010ರ ಫೆಬ್ರವರಿಯಲ್ಲಿ ಪೇಪಾಲ್ ಭಾರತದಲ್ಲಿ ವೈಯಕ್ತಿಕ ಪಾವತಿಗಳನ್ನೂ ಇಲ್ಲಿನ ಬ್ಯಾಂಕುಗಳಿಗೆ ಹಣ ವರ್ಗಾಯಿಸುವುದನ್ನೂ ನಿಲ್ಲಿಸಿತು. ವಿದೇಶಿ ಗ್ರಾಹಕರಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದವರು, ಕರಕುಶಲ ವಸ್ತು ಮಾರುತ್ತಿದ್ದವರು ದುಡಿದ ಹಣವನ್ನು ಪರದೆಯ ಮೇಲೆ ಕಾಣುತ್ತಿದ್ದರೇ ಹೊರತು ಕೈಗೆ ಪಡೆಯಲಾಗಲಿಲ್ಲ. ಬ್ಯಾಂಕಿಗೆ ಹಣ ಪಡೆಯುವ ವ್ಯವಸ್ಥೆ ಮಾರ್ಚ್ ತಿಂಗಳಲ್ಲಿ ಮತ್ತೆ ಆರಂಭವಾಯಿತು. ಅದೇ ವರ್ಷದ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ರಫ್ತುದಾರರ ಇಂಥ ಗಳಿಕೆಗೆ ನಿಯಮ ರೂಪಿಸಿತು. ಬಂದ ಹಣ ಮಧ್ಯವರ್ತಿ ಕಂಪನಿಯ ಬಳಿ ಉಳಿಯದೆ, 7 ದಿನಗಳೊಳಗೆ ಭಾರತದ ಬ್ಯಾಂಕ್ ಖಾತೆಯನ್ನು ಸೇರಬೇಕಾಯಿತು.

ದೇಶದೊಳಗಿನ ವಾಲೆಟ್‌ಗಳಿಗೂ ಇದೇ ವಿವೇಕ ಅನ್ವಯವಾಯಿತು. ಬ್ಯಾಂಕೇತರ ಕಂಪನಿಗಳು ಗ್ರಾಹಕರ ವಾಲೆಟ್ ಹಣವನ್ನು ತಮ್ಮ ಸ್ವಂತ ಹಣದೊಡನೆ ಬೆರೆಸದೆ, ಬ್ಯಾಂಕೊಂದರ ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿತು. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಹೊಸದಾಗಿ ಹಣ ಸ್ವೀಕರಿಸದಂತೆ ಆದೇಶಿಸಿದಾಗಲೂ, ಗ್ರಾಹಕರು ಖಾತೆಯಲ್ಲಿ ಉಳಿದಿರುವ ಹಣವನ್ನು ತೆಗೆಯಲು ಅಥವಾ ಬಳಸಲು ಅಡ್ಡಿಯಿಲ್ಲವೆಂದು ಆ ಆದೇಶದಲ್ಲೇ ಸ್ಪಷ್ಟಪಡಿಸಲಾಯಿತು.

ಹಾಗಾದರೆ ನಿಮ್ಮದೇ ಖಾತೆಗೆ ನಿರ್ಬಂಧ ಬಿದ್ದರೆ ಏನು ಮಾಡಬೇಕು? ಮೊದಲು ಕಾರಣವನ್ನು ತಿಳಿಯಿರಿ. ಬಹಳ ಸಲ ಗುರುತಿನ ಚೀಟಿ, ವಿಳಾಸದ ದಾಖಲೆ ಅಥವಾ ಮಾರಿದ ವಸ್ತುವಿನ ಬಿಲ್ಲು ಕೇಳಿರುತ್ತಾರೆ. ಅವುಗಳನ್ನು ಕಂಪನಿಯ ಅಧಿಕೃತ ತಾಣದಲ್ಲೇ ಸಲ್ಲಿಸಿ. ಕೊಳ್ಳುವವರು ತಕರಾರು ಎತ್ತಿದರೆ ಕೊಡಬೇಕಾಗುವ ಹಣಕ್ಕಾಗಿ ಪೇಪಾಲ್ ಕರಾರಿನಲ್ಲಿ 180 ದಿನಗಳವರೆಗೆ ತಡೆಹಿಡಿಯುವ ಅವಕಾಶವಿದೆ. ಆದ್ದರಿಂದ ನಿರ್ಬಂಧದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಪ್ರತಿಯೊಂದು ಪತ್ರದ ಪ್ರತಿಯನ್ನೂ ದೂರಿನ ಸಂಖ್ಯೆಯನ್ನೂ ಜೋಪಾನವಾಗಿಡಿ. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಓಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಕೊಡಬಹುದು. ಬ್ಯಾಂಕ್, ವಾಲೆಟ್ ಎಂಬ ಭೇದವಿಲ್ಲದೆ ಇಂಥ ದೂರುಗಳಿಗೆ ಒಂದೇ ಬಾಗಿಲು ಇರಲಿ ಎಂದು 2021ರ ನವೆಂಬರ್ 12ರಂದು ಸಮಗ್ರ ಓಂಬುಡ್ಸ್‌ಮನ್ ಯೋಜನೆಯನ್ನು ಜಾರಿಗೆ ತರಲಾಯಿತು. ಹಣ ಬಿಡಿಸಿಕೊಡುತ್ತೇವೆಂದು ಕಮಿಷನ್ ಕೇಳುವವರಿಗೆ, ಫೋನಿನಲ್ಲಿ ಒ.ಟಿ.ಪಿ. ಕೇಳುವವರಿಗೆ ಕಿವಿಗೊಡಬೇಡಿ, ಒಮ್ಮೆ ಸಿಕ್ಕಿಬಿದ್ದ ಹಣದ ಜೊತೆಗೆ ಉಳಿದದ್ದೂ ಹೋದೀತು.

ಮಿತ್ರರೇ, ವಂಚನೆಯನ್ನು ತಡೆಯಲು ನಿರ್ಬಂಧ ಬೇಕು. ಆದರೆ ತಡೆಹಿಡಿದ ಮಾತ್ರಕ್ಕೆ ಹಣ ತಡೆಹಿಡಿದವರದಾಗುವುದಿಲ್ಲ. ಕಾರಣ ಹೇಳುವ ಹೊಣೆ, ನಿಗದಿತ ಅವಧಿ, ದೂರು ಕೇಳುವ ಮೂರನೆಯ ವ್ಯಕ್ತಿ, ಇವು ಯಾವ ಕಂಪನಿಯೂ ತಾನಾಗಿ ಕೊಟ್ಟ ಉಡುಗೊರೆಗಳಲ್ಲ. ಸಣ್ಣ ಮೊತ್ತ ಕಳೆದುಕೊಂಡವರು ಸುಮ್ಮನಿರದೆ ದಾಖಲೆ ಹಿಡಿದು ಕೇಳಿದ್ದರಿಂದ, ಕಾನೂನು ಅವರ ಮಾತಿಗೆ ಬೆಲೆ ಕೊಟ್ಟದ್ದರಿಂದ ಬಂದ ಹಕ್ಕುಗಳು. ಇಂದಿನ ಪಾವತಿಯ ರಸೀದಿ ಐವತ್ತು ರೂಪಾಯಿಯದ್ದೇ ಆಗಿರಲಿ, ಅಳಿಸದೆ ಇಟ್ಟುಕೊಳ್ಳಿ.